ಮೇಜಿನ ಹೆಡ್‌ಫೋನ್ ಆಂಪ್ ಹುಡುಕಾಟ: ಪಟ್ಟಿಯಿಂದ ಪ್ಲಗ್‌ವರೆಗೆ

ಶನಿವಾರ, ಪಟ್ಟಿ

ವಿಮರ್ಶೆಗಳಲ್ಲಿ ಬರುವ ‘ಬೆಚ್ಚನೆಯ ನಾದ’, ‘ರೇಷ್ಮೆಯಂಥ ತಾರಸ್ವರ’ಗಳನ್ನು ನಂಬಿ ಆಂಪ್ (ಹೆಡ್‌ಫೋನ್‌ಗೆ ಬೇಕಾದಷ್ಟು ಶಕ್ತಿ ಕೊಡುವ ಪೆಟ್ಟಿಗೆ) ಕೊಳ್ಳುವ ಹುಮ್ಮಸ್ಸು ನನಗೆ ಉಳಿದಿಲ್ಲ. ಈ ಸಲ ಮೊದಲು ಲೆಕ್ಕ, ಆಮೇಲೆ ಕಿವಿ. ಅಗ್ಗದ ಸಾಲಿನಲ್ಲಿ ನಾಲ್ಕು ಹೆಸರು ಬರೆದುಕೊಂಡಿದ್ದೇನೆ: ಜೆಡಿಎಸ್ ಲ್ಯಾಬ್ಸ್ ಆಟಮ್ ಆಂಪ್ ಪ್ಲಸ್, ಶಿಟ್ ಆಡಿಯೋದ ಮ್ಯಾಗ್ನಿ ಹೆರೆಸಿ (ಹೌದು, ಆ ಕಂಪನಿ ಬೇಕೆಂದೇ ಇಟ್ಟುಕೊಂಡ ಹೆಸರು ಅದು), ಟಾಪಿಂಗ್ ಎಲ್30 ಎರಡನೆಯ ಆವೃತ್ತಿ ಮತ್ತು ಫಿಯೋ ಕೆ7.

ಕೆ7 ಮೊದಲ ದಿನವೇ ಪಟ್ಟಿಯಿಂದ ಹೊರಬಿದ್ದಿತು. ಅದು ಕೆಟ್ಟದ್ದೆಂದಲ್ಲ. ಎರಡು ಎಕೆ4493 ಚಿಪ್‌ಗಳ ಡ್ಯಾಕ್ (ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯ ವಿದ್ಯುತ್ತಾಗಿ ಬದಲಿಸುವ ಭಾಗ), ಟಿಎಚ್‌ಎಕ್ಸ್ ಆಂಪ್, 4.4 ಮಿ.ಮೀ. ಬ್ಯಾಲೆನ್ಸ್ಡ್ ಕಿಂಡಿ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿವೆ. ಆದರೆ ನನ್ನ ಮೇಜಿನ ಮೇಲೆ ಒಳ್ಳೆಯ ಡ್ಯಾಕ್ ಈಗಾಗಲೇ ಇದೆ. ಅದು 2 ವೋಲ್ಟ್ ಕೊಡುತ್ತದೆ. ಇರುವುದಕ್ಕೇ ಇನ್ನೊಮ್ಮೆ ಹಣ ಸುರಿಯುವ ಮನಸ್ಸಿಲ್ಲ. ಡ್ಯಾಕ್ ಇಲ್ಲದವರು ಕೆ7 ಅನ್ನೇ ಮೊದಲು ನೋಡಬೇಕು.

ಉಳಿದ ಮೂರನ್ನೂ ಗೆಳೆಯರಿಂದ ಎರವಲು ತಂದಿದ್ದೇನೆ. ಇಷ್ಟು ಅಗ್ಗಕ್ಕೆ ಇಷ್ಟು ಶುದ್ಧವಾದ ಆಂಪ್‌ಗಳು ಸಿಗುವುದರಲ್ಲಿ ಎನ್‌ಡಬ್ಲ್ಯುಎವಿಗೈ ಎಂಬ ಕಾವ್ಯನಾಮದ ಎಂಜಿನಿಯರ್‌ಗೂ ಒಂದು ಪಾಲಿದೆ. ಆತ 2011ರಲ್ಲಿ ಒ2 ಎಂಬ ಆಂಪ್‌ನ ಸರ್ಕ್ಯೂಟನ್ನು ಅಳತೆಗಳ ಸಮೇತ ಎಲ್ಲರ ಮುಂದಿಟ್ಟ. ಮರುವರ್ಷ ಮಾಯವಾದ. ಅದೇ ಒ2 ಅನ್ನು ತಯಾರಿಸಿ ಮಾರುತ್ತಿದ್ದ ಜೆಡಿಎಸ್ ಲ್ಯಾಬ್ಸ್, 2018ರಲ್ಲಿ ತನ್ನದೇ ಆಟಮ್ ಅನ್ನು ತಂದಿತು.

ಭಾನುವಾರ, ವೋಲ್ಟ್ ಲೆಕ್ಕ

ನಾನು ಬಳಸುವ ಹೆಡ್‌ಫೋನ್‌ಗಳು ಮೂರು: ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ (ವಿದ್ಯುತ್ ತಡೆ 250 ಓಮ್, 1 ಮಿಲಿವ್ಯಾಟ್‌ಗೆ 96 ಡೆಸಿಬೆಲ್), ಹೈಫೈಮನ್ ಎಚ್‌ಇ400ಎಸ್‌ಇ (ತೆಳು ಹಾಳೆ ಕಂಪಿಸುವ ‘ಪ್ಲೇನಾರ್’ ಬಗೆಯದು; 25 ಓಮ್, 91 ಡೆಸಿಬೆಲ್) ಮತ್ತು ಕಿವಿಯೊಳಗೆ ಕೂರುವ 16 ಓಮ್‌ನ ಇಯರ್‌ಫೋನ್ (110 ಡೆಸಿಬೆಲ್).

ಸಂಗೀತದ ಅತಿ ಜೋರಾದ ಕ್ಷಣ 110 ಡೆಸಿಬೆಲ್ ಮುಟ್ಟಬೇಕು ಎಂದುಕೊಳ್ಳೋಣ. ಅದಕ್ಕೆ ಡಿಟಿ 990 ಕೇಳುವುದು 25 ಮಿಲಿವ್ಯಾಟ್, ಅಂದರೆ 2.5 ವೋಲ್ಟ್ ಮತ್ತು ಬರೀ 10 ಮಿಲಿಆಂಪಿಯರ್. ಎಚ್‌ಇ400ಎಸ್‌ಇಗೆ 80 ಮಿಲಿವ್ಯಾಟ್ ಬೇಕು; ವೋಲ್ಟ್ 1.4 ಸಾಕು, ಆದರೆ ಕರೆಂಟ್ 56 ಮಿಲಿಆಂಪಿಯರ್‌ಗೆ ಏರುತ್ತದೆ. ‘ಓಮ್ ಹೆಚ್ಚಿದ್ದರೆ ದೊಡ್ಡ ಆಂಪ್ ಬೇಕು’ ಎಂಬ ಮಾತು ಅರ್ಧ ಮಾತ್ರ ನಿಜ. 250 ಓಮ್‌ನದಕ್ಕೆ ವೋಲ್ಟ್ ಹಸಿವು, ಪ್ಲೇನಾರ್‌ಗೆ ಕರೆಂಟ್ ಹಸಿವು.

ಇಷ್ಟಕ್ಕೇ ನಿಲ್ಲಿಸಿದರೆ ಆಂಪ್ ಬೇಡವೇ ಬೇಡ ಎನಿಸುತ್ತದೆ. 1 ವೋಲ್ಟ್ ಕೊಡುವ ಪುಟ್ಟ ಫೋನ್ ಡಾಂಗಲ್‌ನಲ್ಲೂ ಡಿಟಿ 990 ಸುಮಾರು 102 ಡೆಸಿಬೆಲ್ ಮುಟ್ಟುತ್ತದೆ. ಹೆಚ್ಚಿನವರಿಗೆ ಅದು ಧಾರಾಳವಾಯಿತು.

ನನ್ನ ಲೆಕ್ಕ ಬದಲಾಗುವುದು ಸ್ವರಗಳ ಮಟ್ಟವನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಸರ್‌ನಿಂದ. ಎಚ್‌ಇ400ಎಸ್‌ಇಯ ತಳದ ಮಂದ್ರ ನನಗೆ ಸಾಲದು. ಅಲ್ಲಿ 6 ಡೆಸಿಬೆಲ್ ಏರಿಸುತ್ತೇನೆ. ಹಾಗೆ ಏರಿಸುವಾಗ ಸದ್ದು ಒಡೆಯದಂತೆ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಬೇಕಾಗುತ್ತದೆ. ಹೀಗಾಗಿ ಮಧ್ಯಸ್ವರಗಳ ಪಾಲಿಗೆ ಡ್ಯಾಕ್‌ನ 2 ವೋಲ್ಟ್ 1 ವೋಲ್ಟ್ ಆಗಿಬಿಡುತ್ತದೆ. ಮಧ್ಯಸ್ವರಕ್ಕೆ 1.4 ವೋಲ್ಟ್ ಬೇಕೆಂದರೆ ಮಂದ್ರದಲ್ಲಿ 2.8 ವೋಲ್ಟ್ ಬೇಕು. 25 ಓಮ್‌ಗೆ ಅದು ಸುಮಾರು 320 ಮಿಲಿವ್ಯಾಟ್, 113 ಮಿಲಿಆಂಪಿಯರ್. ಡಾಂಗಲ್ ಕೈಚೆಲ್ಲುವುದು ಇಲ್ಲಿ. ಆಟಮ್ 32 ಓಮ್‌ಗೆ 1 ವ್ಯಾಟ್ ಕೊಡುತ್ತದೆ, ಉಳಿದೆರಡೂ ಹಿಂದೆ ಬೀಳುವವಲ್ಲ. ಶಕ್ತಿಯ ವಿಷಯ ಇಲ್ಲಿಗೆ ಮುಗಿಯಿತು. ಡಿಟಿ 990ಯಲ್ಲಿ ಈ ತೊಂದರೆಯಿಲ್ಲ. ಅದರ ಚುಚ್ಚುವ ತಾರಸ್ವರವನ್ನು ತಗ್ಗಿಸುವುದಷ್ಟೇ ಕೆಲಸ, ಮಟ್ಟ ಇಳಿಸಬೇಕಾಗಿಲ್ಲ.

ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಒಳಗಿನದೇ ತಡೆ; ಕಡಿಮೆ ಇದ್ದಷ್ಟೂ ಒಳ್ಳೆಯದು): ಮೂರು ಆಂಪ್‌ಗಳದ್ದೂ ಒಂದು ಓಮ್‌ಗಿಂತ ಕಡಿಮೆ. ಅದು 120 ಓಮ್ ಇರಲಿ ಎಂಬ ಹಳೆಯ ಶಿಫಾರಸಿನ ಕಾಲ ಹೋಯಿತು. ಮುಂದಿನದಕ್ಕೆ ಹೋಗೋಣ.

ವಾರದ ನಡುವೆ, ಗುಂಯ್ ಸದ್ದು

ಒಂದು ಆಂಪ್ ಜೋಡಿಸಿದ ಕೂಡಲೇ ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದು, ಮೌಸ್ ಸರಿಸಿದಾಗಲೆಲ್ಲ ಚಿರಿಚಿರಿ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತ ತಕ್ಷಣ ಎರಡೂ ನಿಂತವು. ತಪ್ಪು ಆಂಪ್‌ನದಲ್ಲ, ಯುಎಸ್‌ಬಿ ತಂತಿಯ ಮೂಲಕ ಸುತ್ತು ಹಾಕುತ್ತಿದ್ದ ಗ್ರೌಂಡ್‌ನದು (ನೆಲದ ಸಂಪರ್ಕದ್ದು). ಯುಎಸ್‌ಬಿ ಬಿಟ್ಟು ಆಪ್ಟಿಕಲ್ ತಂತಿ ಹಾಕಿದೆ. ಅದರಲ್ಲಿ ಹರಿಯುವುದು ಬೆಳಕು ಮಾತ್ರ, ವಿದ್ಯುತ್ ದಾಟಲು ದಾರಿಯೇ ಇಲ್ಲ. ಸದ್ದು ಮರಳಲಿಲ್ಲ. ಆಂಪ್ ಸರಿಯಿಲ್ಲವೆಂದು ವಾಪಸು ಕಳಿಸುವ ಮುನ್ನ ಚಾರ್ಜರ್ ಕಿತ್ತು ನೋಡಿ.

ಗುಂಯ್ ಬೇರೆ, ಸುಸ್ ಬೇರೆ. ಇಯರ್‌ಫೋನ್ ಹಾಕಿಕೊಂಡು ಹಾಡು ನಿಲ್ಲಿಸಿ ಆಂಪ್‌ನ ವಾಲ್ಯೂಮ್ ಗುಂಡಿಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿ. ಆಗಲೂ ಸುಸ್ ಎನ್ನುತ್ತಿದ್ದರೆ ಅದು ಆಂಪ್‌ನದೇ. ಗುಂಡಿ ತಿರುಗಿಸಿದಂತೆ ಏರಿದರೆ ಡ್ಯಾಕ್‌ನದು. ನನ್ನ ಇಯರ್‌ಫೋನ್ 126 ಮಿಲಿವೋಲ್ಟ್‌ಗೇ 110 ಡೆಸಿಬೆಲ್ ಕೂಗುತ್ತದೆ. ಆಂಪ್‌ನ ಸದ್ದು 10 ಮೈಕ್ರೋವೋಲ್ಟ್ ಇದ್ದರೆ ಕಿವಿಗೆ 28 ಡೆಸಿಬೆಲ್ ಬಂತು. ನಿಶ್ಶಬ್ದ ರಾತ್ರಿಯಲ್ಲಿ ಕೇಳುತ್ತದೆ. 2 ಮೈಕ್ರೋವೋಲ್ಟ್ ಇದ್ದರೆ 14ಕ್ಕೆ ಇಳಿಯುತ್ತದೆ, ಕೇಳುವುದಿಲ್ಲ. ಎರವಲು ತಂದ ಮೂರೂ ಆಂಪ್‌ಗಳು ಕಡಿಮೆ ಗೇನ್‌ನಲ್ಲಿ (ಬಂದ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಸ್ವಿಚ್) ಮೌನವಾಗಿದ್ದವು.

ಶನಿವಾರ, ಕುರುಡು ಪರೀಕ್ಷೆ

ಸದ್ದಿನ ಮಟ್ಟ ಸಮವಿಲ್ಲದೆ ಹೋಲಿಸಿದರೆ ತುಸು ಜೋರಾದದ್ದೇ ಚೆನ್ನಾಗಿ ಕೇಳಿಸುತ್ತದೆ. ಅದಕ್ಕಾಗಿ 100 ಹರ್ಟ್ಸ್‌ನ ಸ್ವರ ನುಡಿಸಿ, ಹೆಡ್‌ಫೋನ್ ಸಿಕ್ಕಿಸಿದ ಹಾಗೆಯೇ ಮಲ್ಟಿಮೀಟರ್‌ನ ಮೊನೆಗಳನ್ನು ಮುಟ್ಟಿಸಿ, ಪ್ರತಿ ಆಂಪ್‌ನ ಗುಂಡಿಯನ್ನೂ 300 ಮಿಲಿವೋಲ್ಟ್‌ಗೆ ತಂದು ನಿಲ್ಲಿಸಿದೆ. 1000 ಹರ್ಟ್ಸ್ ಬಳಸಲಿಲ್ಲ. ಅಗ್ಗದ ಮೀಟರ್‌ಗಳು ಅಲ್ಲಿ ಸುಳ್ಳು ಹೇಳುವುದುಂಟು. 0.1 ಡೆಸಿಬೆಲ್ ಎಂದರೆ ಇಲ್ಲಿ ಸುಮಾರು 3.5 ಮಿಲಿವೋಲ್ಟ್. ಗುಂಡಿಯನ್ನು ಉಗುರಿನ ತುದಿಯಿಂದ ತಳ್ಳಬೇಕಾಗುತ್ತದೆ, ಬೆರಳು ತೆಗೆದರೆ ಅಂಕಿ ಮತ್ತೆ ಜಾರುತ್ತದೆ. ತಾಳ್ಮೆ ಇಲ್ಲದವರಿಗೆ ಈ ಕೆಲಸ ಹೇಳಿದ್ದಲ್ಲ.

ತಂಗಿ ನನ್ನ ಬೆನ್ನ ಹಿಂದೆ ಕುಳಿತು ತಂತಿ ಬದಲಾಯಿಸಿ ಚೀಟಿಯಲ್ಲಿ ಬರೆದುಕೊಂಡಳು; ಎರಡರಲ್ಲಿ ಯಾವ ಆಂಪ್ ನುಡಿಯುತ್ತಿದೆ ಎಂದು ನಾನು ಹೇಳಬೇಕು. 10ರಲ್ಲಿ 9 ಸರಿಯಾದರೆ ಮಾತ್ರ ವ್ಯತ್ಯಾಸವಿದೆ ಎನ್ನುವುದಾಗಿ ಮೊದಲೇ ಒಪ್ಪಿಕೊಂಡಿದ್ದೆವು. ಬರೀ ಊಹೆಯಿಂದ ಅಷ್ಟು ಗಳಿಸುವ ಸಾಧ್ಯತೆ ಶೇಕಡಾ 1ರಷ್ಟು. ನನ್ನ ಉತ್ತರಗಳು ನಾಣ್ಯ ಚಿಮ್ಮಿದಂತೆ ಅರ್ಧದ ಆಸುಪಾಸಿನಲ್ಲೇ ಸುತ್ತಿದವು. ತಂಗಿಗೆ ಇದರಲ್ಲಿ ಬಹಳ ಆನಂದ. ನನಗೂ ಬೇಸರವಿಲ್ಲ: 16 ಬಿಟ್ ಧ್ವನಿಮುದ್ರಣದ ವ್ಯಾಪ್ತಿಯೇ 98 ಡೆಸಿಬೆಲ್, ಅದನ್ನು ಮೀರಿದ ಸಿನಾಡ್ (ಸಂಗೀತಕ್ಕೂ ಅದರ ಸದ್ದು, ವಿರೂಪಗಳಿಗೂ ಇರುವ ಅಂತರ) ಅಂಕಿಗಳ ಪೈಪೋಟಿ ಪ್ರಯೋಗಾಲಯಕ್ಕೆ ಸರಿ, ಕಿವಿಗಲ್ಲ.

ಭಾನುವಾರ, ತೀರ್ಮಾನ

ನಾದದಲ್ಲಿ ಭೇದವಿಲ್ಲವೆಂದ ಮೇಲೆ ಕೈಗೆ ಸಿಗುವುದರ ಮೇಲೆ ತೀರ್ಪು. ಹೆರೆಸಿಯ ವಿದ್ಯುತ್ ಸ್ವಿಚ್ ಹಿಂಬದಿಯಲ್ಲಿದೆ. ದಿನವೂ ಹಿಂದೆ ಕೈಹಾಕಿ ತಡಕಾಡಲು ನಾನು ಒಲ್ಲೆ. ಉಳಿದದ್ದು ಆಟಮ್ ಮತ್ತು ಎಲ್30.

ಇಲ್ಲಿ ನಿರ್ಧರಿಸಿದ್ದು ರಾತ್ರಿಯ ಇಯರ್‌ಫೋನ್. 75 ಡೆಸಿಬೆಲ್‌ನಲ್ಲಿ ಕೇಳಲು, ಸಂಗೀತದ ಸರಾಸರಿ ಮಟ್ಟ ಗರಿಷ್ಠಕ್ಕಿಂತ 15 ಡೆಸಿಬೆಲ್ ಕೆಳಗಿದೆ ಎಂದುಕೊಂಡರೂ, ಗುಂಡಿ 44 ಡೆಸಿಬೆಲ್ ಕಡಿತಗೊಳಿಸಬೇಕು. ಅಷ್ಟು ಕೆಳಗೆ ಗುಂಡಿಯೊಳಗಿನ ಎಡ, ಬಲ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಮೋನೋ ಧ್ವನಿ ಹಾಕಿ ನಿಧಾನ ತಿರುಗಿಸಿದರೆ ಗಾಯಕಿ ತಲೆಯ ನಡುವಿನಿಂದ ಒಂದು ಕಿವಿಯತ್ತ ಸರಿದುಹೋಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ಆಟಮ್‌ನ ಕಡಿಮೆ ಗೇನ್ ಎಂದರೆ ಬಂದಷ್ಟೇ ಹೊರಗೆ. ಎಲ್30ರಲ್ಲಿ ಅದಕ್ಕೂ ಕೆಳಗೆ, ಸದ್ದನ್ನು ಇಳಿಸಿಯೇ ಕಳಿಸುವ ಗೇನ್ ಇದೆ. ಗುಂಡಿ ಮೇಲೆ ಬರುತ್ತದೆ, ಗಾಯಕಿ ನಡುವಿನಲ್ಲೇ ನಿಲ್ಲುತ್ತಾಳೆ.

ಕಂಪ್ಯೂಟರ್‌ನಲ್ಲೇ ಮಟ್ಟ ತಗ್ಗಿಸಿದರೆ ಆಟಮ್‌ನಲ್ಲೂ ಇದೇ ಫಲ ಸಿಗುತ್ತದೆ, ನಿಜ. ಆದರೆ ಯಾವುದೋ ಅಪ್‌ಡೇಟ್ ಆ ಮಟ್ಟವನ್ನು ಮತ್ತೆ ನೂರಕ್ಕೆ ಏರಿಸಿದ ದಿನ ಪೆಟ್ಟು ಬೀಳುವುದು ಕಿವಿಗೆ. ಆ ಕಡಿತ ಆಂಪ್‌ನ ಗೇನ್ ಸ್ವಿಚ್‌ನಲ್ಲೇ ಇರಲಿ. ಎಲ್30 ತರಿಸಲು ಹೇಳಿದ್ದೇನೆ. ಇಯರ್‌ಫೋನ್ ಇಲ್ಲದಿದ್ದರೆ ಆಟಮ್ ತೆಗೆದುಕೊಳ್ಳುತ್ತಿದ್ದೆ.

ಜೊತೆಗೆ ಒಂದು ಸಣ್ಣ ಖರೀದಿ: 3.5ರಿಂದ 6.35 ಮಿ.ಮೀ.ಗೆ ಬದಲಿಸುವ, ಗಿಡ್ಡ ತಂತಿಯಿರುವ ಅಡಾಪ್ಟರ್. ಗಟ್ಟಿ ಲೋಹದ ಅಡಾಪ್ಟರ್ ಆಂಪ್‌ನ ಮುಂದೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಮೊಣಕೈ ತಗುಲಿದರೆ ಜಗ್ಗುವುದು ಕಿಂಡಿಯ ಬೆಸುಗೆಯನ್ನು.