ಫೋನಿನಲ್ಲಿ ಎಲ್ಲವೂ ಇದ್ದರೂ ಚಿಪ್ ಕಾರ್ಡನ್ನು ನಾನೇಕೆ ಬಿಟ್ಟಿಲ್ಲ

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಭಾವನವರನ್ನು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಹನ್ನೊಂದರ ಸುಮಾರಿಗೆ ನರ್ಸ್ ಒಂದು ಚೀಟಿ ಕೊಟ್ಟು, ಈ ಇಂಜೆಕ್ಷನ್ನುಗಳು ತಕ್ಷಣ ಬೇಕೆಂದರು. ಔಷಧಿ ಅಂಗಡಿ ಇದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. ಬಿಲ್ಲು 3,840 ರೂಪಾಯಿ ಆಯಿತು. ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು, ಏಕೆಂದರೆ ಅಲ್ಲಿ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಯುವಕನೊಬ್ಬ ಸಿಗ್ನಲ್ ಹುಡುಕಿಕೊಂಡು ಫೋನನ್ನು ಎತ್ತಿ ಹಿಡಿದು ಮೆಟ್ಟಿಲು ಹತ್ತಿ ಓಡಿದ. ನನ್ನ ಜೇಬಿನಲ್ಲಿ ಡೆಬಿಟ್ ಕಾರ್ಡ್ ಇತ್ತು. ಅಂಗಡಿಯವರು ಯಂತ್ರವನ್ನು ಮುಂದಕ್ಕೆ ತಳ್ಳಿದರು, ಕಾರ್ಡನ್ನು ಅದರ ಮೇಲೆ ಹಿಡಿದೆ, ಎರಡು ಸೆಕೆಂಡಿನಲ್ಲಿ ಚೀಟಿ ಹೊರಬಂತು. ಆ ಯಂತ್ರಕ್ಕೆ ಕೇಬಲ್ ಮೂಲಕ ಅಂಗಡಿಯದೇ ಇಂಟರ್ನೆಟ್ ಸಂಪರ್ಕವಿತ್ತು. ನನ್ನ ಕಾರ್ಡಿಗೆ ಯಾವ ಸಂಪರ್ಕವೂ ಬೇಕಾಗಿರಲಿಲ್ಲ.

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಬಂಧುಗಳು, ನೆರೆಹೊರೆಯವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಫೋನಿನಲ್ಲೇ ಎಲ್ಲ ಆಗುವಾಗ ಈ ಕಾರ್ಡ್ ಇನ್ನೇಕೆ, ವರ್ಷಕ್ಕಿಷ್ಟು ಶುಲ್ಕ ಕೊಟ್ಟು ಅದನ್ನು ಇಟ್ಟುಕೊಳ್ಳಬೇಕೆ? ಯಾವುದು ಬೇಗ ಆಗುತ್ತದೆ ಎನ್ನುವುದರ ಮೇಲೆ ಇದನ್ನು ತೀರ್ಮಾನಿಸಬಾರದು ಎಂಬುದು ನನ್ನ ಅಭಿಪ್ರಾಯ. ಹಣ ಕೊಡುವ ಆ ಕ್ಷಣದಲ್ಲಿ ಏನೇನು ಸರಿಯಾಗಿರಬೇಕು, ಮತ್ತು ಕೈಯಲ್ಲಿರುವ ಸಾಧನ ಕಳೆದುಹೋದರೆ ಅದರೊಂದಿಗೆ ಇನ್ನೇನೇನು ಹೋಗುತ್ತದೆ ಎನ್ನುವುದನ್ನು ನೋಡಿ ತೀರ್ಮಾನಿಸಬೇಕು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಬೇಕು. ಜನ ‘ಫೋನಿನಲ್ಲಿ ಹಾಕಿದೆ’ ಎನ್ನುವಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತಾರೆ. ಮುಂಚಿತವಾಗಿ ಹಣ ತುಂಬಿಸಿಟ್ಟು ಅದರಿಂದ ಖರ್ಚು ಮಾಡುವುದು ನಿಜವಾದ ವ್ಯಾಲೆಟ್. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಬೀದಿ ಬೀದಿಗೆ ಹರಡಿದ್ದು ಮೊದಲಿಗೆ ಇದೇ. ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ ಹಣ ಕಳಿಸುವುದು ಯುಪಿಐ. ಅದನ್ನು ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್‌ನಲ್ಲಿ ಆರಂಭಿಸಿತು, ಮತ್ತು ಇಂದು ನಾವು ಸ್ಕ್ಯಾನ್ ಮಾಡಿ ಕೊಡುವುದು ಬಹುಮಟ್ಟಿಗೆ ಇದನ್ನೇ. ಮೂರನೆಯದು, ಕಾರ್ಡನ್ನೇ ಫೋನಿನೊಳಗೆ ಸೇರಿಸಿ, ಫೋನನ್ನು ಯಂತ್ರಕ್ಕೆ ತೋರಿಸುವುದು. ಈ ಮೂರರಲ್ಲಿ ಅಪಾಯವೂ ಬೇರೆ, ಅನುಕೂಲವೂ ಬೇರೆ. ಹಾಗಿರುವಾಗ ಮೂರನ್ನೂ ಒಟ್ಟಿಗೆ ಸೇರಿಸಿ ಕಾರ್ಡಿನೊಂದಿಗೆ ಹೋಲಿಸಿದರೆ ಉತ್ತರ ತಪ್ಪಾಗುತ್ತದೆ.

ಕಾರ್ಡಿನ ಮೇಲಿರುವ ಆ ಚಿನ್ನದ ಬಣ್ಣದ ಚೌಕದ, ಅಂದರೆ ಚಿಪ್ಪಿನ, ಬೆಲೆ ನನಗೆ ಚೆನ್ನಾಗಿ ತಿಳಿದದ್ದು ಹಳೆಯ ಕಾರ್ಡುಗಳ ಕಾಲದ ದೂರುಗಳಿಂದ. ಆಗ ಕಾರ್ಡಿನ ಬೆನ್ನಿಗೆ ಕಪ್ಪು ಕಾಂತಪಟ್ಟಿ ಮಾತ್ರ ಇರುತ್ತಿತ್ತು. ಅದರಲ್ಲಿ ಬರೆದಿರುವ ಮಾಹಿತಿ ಎಂದಿಗೂ ಬದಲಾಗುವುದಿಲ್ಲ. ಒಮ್ಮೆ ಯಾರಾದರೂ ಅದನ್ನು ಸಣ್ಣದೊಂದು ಯಂತ್ರದಲ್ಲಿ ಉಜ್ಜಿಕೊಂಡರೆ, ಖಾಲಿ ಕಾರ್ಡಿನ ಮೇಲೆ ಅದೇ ಮಾಹಿತಿಯನ್ನು ಬರೆದು ಎರಡನೆಯ ಕಾರ್ಡನ್ನು ಮಾಡಿಬಿಡಬಹುದು. ಹೋಟೆಲಿನಲ್ಲಿ ಬಿಲ್ಲು ಕೊಡಲು ಕಾರ್ಡನ್ನು ಮಾಣಿಯ ಕೈಗೆ ಕೊಟ್ಟು ಒಳಗೆ ಕಳಿಸುತ್ತಿದ್ದ ದಿನಗಳವು. ಕಾರ್ಡ್ ತಮ್ಮ ಬಳಿಯೇ ಇದ್ದರೂ ದೂರದ ಯಾವುದೋ ಊರಿನ ಎಟಿಎಂನಿಂದ ಹಣ ಹೋಗಿದೆ ಎಂದು ಕಣ್ಣೀರು ಹಾಕಿಕೊಂಡು ಬಂದವರನ್ನು ನಾನು ಕೌಂಟರಿನಲ್ಲಿ ಕುಳಿತು ನೋಡಿದ್ದೇನೆ.

ಚಿಪ್ ಈ ದಾರಿಯನ್ನು ಮುಚ್ಚಿತು. ಚಿಪ್ ಎಂದರೆ ಒಂದು ಚಿಕ್ಕ ಕಂಪ್ಯೂಟರ್. ಅದರೊಳಗೆ ಒಂದು ರಹಸ್ಯ ಕೀಲಿ ಇರುತ್ತದೆ; ಆ ಕೀಲಿ ಚಿಪ್ಪನ್ನು ಬಿಟ್ಟು ಹೊರಗೆ ಬರುವುದೇ ಇಲ್ಲ. ಪ್ರತಿ ವ್ಯವಹಾರಕ್ಕೂ ಯಂತ್ರವು ಮೊತ್ತವನ್ನೂ ಮೊದಲೇ ಊಹಿಸಲಾಗದ ಒಂದು ಸಂಖ್ಯೆಯನ್ನೂ ಕೊಡುತ್ತದೆ, ಚಿಪ್ ತನ್ನ ವ್ಯವಹಾರಗಳ ಎಣಿಕೆಯನ್ನು ಒಂದು ಹೆಚ್ಚಿಸಿಕೊಂಡು ಅವೆಲ್ಲವನ್ನೂ ಸೇರಿಸಿ ಆ ವ್ಯವಹಾರಕ್ಕೆ ಮಾತ್ರ ಸಲ್ಲುವ ಒಂದು ಮುದ್ರೆಯನ್ನು ಲೆಕ್ಕ ಹಾಕಿ ಕೊಡುತ್ತದೆ, ಬ್ಯಾಂಕು ಆ ಮುದ್ರೆಯನ್ನು ಪರಿಶೀಲಿಸಿ ಒಪ್ಪಿಗೆ ಕಳಿಸುತ್ತದೆ. ನಡುವೆ ಯಾರಾದರೂ ಅದನ್ನು ಕದ್ದರೂ ಮುಂದಿನ ವ್ಯವಹಾರಕ್ಕೆ ಅದು ನಡೆಯುವುದಿಲ್ಲ. ಫ್ರಾನ್ಸಿನ ರೋಲಾಂ ಮೊರೆನೊ 1974ರಲ್ಲಿ ಇಂಥ ಕಾರ್ಡಿನ ಕಲ್ಪನೆಗೆ ಪೇಟೆಂಟ್ ಪಡೆದರು. ಯೂರೋಪೇ, ಮಾಸ್ಟರ್‌ಕಾರ್ಡ್ ಮತ್ತು ವೀಸಾ ಸಂಸ್ಥೆಗಳು ಸೇರಿ 1990ರ ದಶಕದಲ್ಲಿ ಎಲ್ಲ ದೇಶಗಳಿಗೂ ಹೊಂದುವ ಮಾನದಂಡವನ್ನು ರೂಪಿಸಿದವು, ಅವುಗಳ ಮೊದಲಕ್ಷರಗಳಿಂದಲೇ ಅದಕ್ಕೆ ಇಎಂವಿ ಎಂದು ಹೆಸರಾಯಿತು. ನಮ್ಮಲ್ಲಿ ಹಳೆಯ ಕಾಂತಪಟ್ಟಿಯ ಕಾರ್ಡುಗಳನ್ನೆಲ್ಲ 2018ರ ಡಿಸೆಂಬರ್ 31ರೊಳಗೆ ಚಿಪ್ ಕಾರ್ಡಿಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಆ ಚಳಿಗಾಲದಲ್ಲಿ ನಮ್ಮ ಶಾಖೆಯ ಮುಂದೆ ಹಳೆಯ ಕಾರ್ಡ್ ಹಿಡಿದು ನಿಂತವರ ಸಾಲು ಇನ್ನೂ ನನ್ನ ಕಣ್ಣ ಮುಂದಿದೆ. ಅವರಲ್ಲಿ ಅನೇಕರಿಗೆ ಅದೊಂದು ತೊಂದರೆಯಾಗಿ ಕಂಡಿತು. ನನಗೆ ಮಾತ್ರ ಅದು ಠೇವಣಿದಾರರಿಗಾಗಿ ನಡೆದ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂದೇ ಈಗಲೂ ಅನ್ನಿಸುತ್ತದೆ.

ಯಂತ್ರದೊಳಗೆ ತೂರಿಸದೆ ಮೇಲೆ ಹಿಡಿದರೆ ಸಾಕಾಗುವ ಕಾರ್ಡಿಗೆ ಅಂಗಡಿಯವರು ‘ವೈಫೈ ಕಾರ್ಡ್’ ಎನ್ನುತ್ತಾರೆ, ಅದರ ಮೇಲಿರುವ ಅಲೆಯಂಥ ಗುರುತು ನೋಡಿ. ವೈಫೈಗೂ ಅದಕ್ಕೂ ಸಂಬಂಧವಿಲ್ಲ. ಕಾರ್ಡಿನ ಅಂಚಿನುದ್ದಕ್ಕೂ ತೆಳುವಾದ ತಂತಿಯ ಸುರುಳಿಯಿದ್ದು, ಯಂತ್ರ ಹೊರಸೂಸುವ 13.56 ಮೆಗಾಹರ್ಟ್ಸ್ ಅಲೆಗಳಿಂದಲೇ ಚಿಪ್ಪಿಗೆ ಬೇಕಾದ ವಿದ್ಯುತ್ ಹುಟ್ಟುತ್ತದೆ. ಸುಮಾರು ನಾಲ್ಕು ಸೆಂಟಿಮೀಟರ್ ದೂರದೊಳಗೆ ತಂದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮೊತ್ತ ಐದು ಸಾವಿರ ರೂಪಾಯಿವರೆಗೆ ಇದ್ದರೆ ಪಿನ್ ಕೇಳುವುದಿಲ್ಲ. ಮೊದಲು ಎರಡು ಸಾವಿರವಿದ್ದ ಆ ಮಿತಿಯನ್ನು 2021ರ ಜನವರಿ 1ರಿಂದ ಹೆಚ್ಚಿಸಲಾಯಿತು. ಇಲ್ಲಿಯೇ ಜನರ ಭಯವೂ ಇದೆ, ಅದು ಸುಳ್ಳು ಭಯವಲ್ಲ: ಕಾರ್ಡ್ ಬೇರೆಯವರ ಕೈಗೆ ಸಿಕ್ಕರೆ, ನಾವು ಅದನ್ನು ನಿಲ್ಲಿಸುವವರೆಗೆ ಸಣ್ಣ ಮೊತ್ತಗಳಿಗೆ ಅವರು ಹಿಡಿದು ತೋರಿಸಬಹುದು. ಆದರೆ ಈ ಸೌಲಭ್ಯವನ್ನು ಬೇಕಾದಾಗ ತೆರೆಯುವ, ಬೇಡವಾದಾಗ ಮುಚ್ಚುವ, ಮಿತಿಯನ್ನು ಇಳಿಸುವ ಅವಕಾಶವನ್ನು ಬ್ಯಾಂಕು ಕೊಡಲೇಬೇಕೆಂಬ ನಿಯಮ 2020ರಿಂದ ಇದೆ. ಹೊಸ ಕಾರ್ಡ್ ಬಂದಾಗ ಈ ಸೌಲಭ್ಯ ಮುಚ್ಚಿದ ಸ್ಥಿತಿಯಲ್ಲೇ ಇರುತ್ತದೆ. ನನ್ನ ಕಾರ್ಡಿನ ಮಿತಿಯನ್ನು ನಾನು ನಾಲ್ಕು ಸಾವಿರಕ್ಕೆ ಇಟ್ಟುಕೊಂಡಿದ್ದೇನೆ.

ಫೋನಿನೊಳಗೆ ಸೇರಿಸಿದ ಕಾರ್ಡಿನ ವಿಷಯದಲ್ಲಿ ನಾನು ನಿಷ್ಪಕ್ಷಪಾತವಾಗಿ ಹೇಳಲೇಬೇಕಾದ ಮಾತೊಂದಿದೆ: ಅಂಗಡಿಯ ಯಂತ್ರದ ಮುಂದೆ ಅದು ಪ್ಲಾಸ್ಟಿಕ್ ಕಾರ್ಡಿಗಿಂತ ಒಂದು ಕೈ ಮೇಲು. ಅಲ್ಲಿ ಕಾರ್ಡಿನ ನಿಜವಾದ ಸಂಖ್ಯೆಯ ಬದಲು ಆ ಫೋನಿಗೆಂದೇ ಕೊಟ್ಟ ಬೇರೊಂದು ಸಂಖ್ಯೆ, ಅಂದರೆ ಟೋಕನ್, ಇರುತ್ತದೆ. ಸಾಮಾನ್ಯವಾಗಿ ಬೆರಳಚ್ಚೋ ಮುಖವೋ ಲಾಕಿನ ಸಂಖ್ಯೆಯೋ ಇಲ್ಲದೆ ಹಣ ಹೋಗುವುದಿಲ್ಲ. ಫೋನ್ ಕಳೆದರೆ ಆ ಟೋಕನ್ನನ್ನು ಮಾತ್ರ ರದ್ದು ಮಾಡಿದರೆ ಸಾಕು, ಪ್ಲಾಸ್ಟಿಕ್ ಕಾರ್ಡ್ ಹಾಗೆಯೇ ನಡೆಯುತ್ತಿರುತ್ತದೆ. ಲಂಡನ್ನಿನಲ್ಲಿರುವ ನನ್ನ ತಂಗಿಯ ಮಗ ಇದನ್ನು ಇನ್ನೊಂದು ಬಗೆಯಲ್ಲಿ ಕಲಿತ. ಅಲ್ಲಿನ ಸುರಂಗ ರೈಲಿನಲ್ಲಿ 2014ರಿಂದ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಹಿಡಿದು ಪ್ರಯಾಣಿಸಬಹುದು, ಮತ್ತು ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಣ ಕಡಿತವಾಗುವುದಿಲ್ಲ ಎಂಬ ಮಿತಿಯೂ ಇದೆ. ಅವನು ಹೋಗುವಾಗ ಕಾರ್ಡ್ ಹಿಡಿದು, ಬರುವಾಗ ಅದೇ ಕಾರ್ಡಿರುವ ಫೋನ್ ಹಿಡಿದ. ಸಂಖ್ಯೆಗಳು ಬೇರೆಯಾದ್ದರಿಂದ ವ್ಯವಸ್ಥೆ ಅವನನ್ನು ಇಬ್ಬರು ಪ್ರಯಾಣಿಕರೆಂದು ಎಣಿಸಿತು, ದಿನದ ಮಿತಿಯ ಲಾಭ ಸಿಗಲಿಲ್ಲ.

ಇಷ್ಟಾದರೂ ಕರ್ನಾಟಕದ ಸಂತೆಯಲ್ಲಿ ಈ ಚರ್ಚೆಗೆ ಅರ್ಥ ಕಡಿಮೆ, ಏಕೆಂದರೆ ಎಳನೀರಿನವರ ಬಳಿ, ಸೊಪ್ಪಿನವರ ಬಳಿ ಕಾರ್ಡ್ ಯಂತ್ರವೇ ಇರುವುದಿಲ್ಲ. ಯಂತ್ರಕ್ಕೆ ಬಾಡಿಗೆ ಕೊಡಬೇಕು. ಬಹುತೇಕ ಕಾರ್ಡ್ ವ್ಯವಹಾರಗಳಲ್ಲಿ ಒಂದು ಪಾಲು ಶುಲ್ಕವಾಗಿ ಕಡಿತವಾಗುತ್ತದೆ. ಯುಪಿಐಗಾದರೋ ಅಂಟಿಸಿದ ಒಂದು ಕಾಗದ ಸಾಕು, 2020ರ ಜನವರಿಯಿಂದ ವ್ಯಾಪಾರಿಯಿಂದ ಶುಲ್ಕವನ್ನೂ ತೆಗೆದುಕೊಳ್ಳುವಂತಿಲ್ಲ. ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಚಿಲ್ಲರೆಯ ತಕರಾರಿಲ್ಲದೆ ಹಣ ಸಲ್ಲುವುದನ್ನು ನೋಡಿದಾಗ ನನಗೆ ನಿಜವಾದ ಸಂತೋಷವಾಗುತ್ತದೆ. 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳ ಯುಪಿಐ ವ್ಯವಹಾರಗಳ ಸಂಖ್ಯೆ ಮೊದಲ ಬಾರಿಗೆ ಸಾವಿರ ಕೋಟಿ ದಾಟಿತು. ಹತ್ತು ರೂಪಾಯಿಯ ವ್ಯಾಪಾರದ ಮಟ್ಟಕ್ಕೆ ಕಾರ್ಡ್ ಎಂದೂ ಇಳಿಯಲಾರದು, ಇಳಿಯಬೇಕಾದ ಅಗತ್ಯವೂ ಇಲ್ಲ.

ನನ್ನ ಆತಂಕ ಬೇರೆ ಕಡೆ ಇದೆ. ಯುಪಿಐ ನಡೆಯಬೇಕಾದರೆ ಫೋನಿನಲ್ಲಿ ಚಾರ್ಜ್ ಇರಬೇಕು, ಸಿಮ್ ಜೀವಂತವಾಗಿರಬೇಕು, ಸಿಗ್ನಲ್ ಇರಬೇಕು, ಆ್ಯಪ್ ತೆರೆದುಕೊಳ್ಳಬೇಕು, ನಮ್ಮ ಬ್ಯಾಂಕು ಮತ್ತು ಅವರ ಬ್ಯಾಂಕು ಎರಡೂ ಉತ್ತರ ಕೊಡಬೇಕು. ಅಲ್ಲದೆ ಅದೇ ಫೋನಿಗೆ ಬ್ಯಾಂಕಿನ ಸಂದೇಶಗಳು ಬರುತ್ತವೆ, ಅದೇ ಫೋನಿಗೆ ಒಟಿಪಿ ಬರುತ್ತದೆ, ವಂಚಕರ ಕರೆಯೂ ಅದೇ ಫೋನಿಗೆ ಬರುತ್ತದೆ. ಕಳ್ಳನಿಗೆ ಬೀಗ ಮುರಿಯುವ ಕಷ್ಟವೇ ಇಲ್ಲದಂತೆ ನಮ್ಮಿಂದಲೇ ಪಿನ್ ಒತ್ತಿಸಿಕೊಳ್ಳುವುದು ಈಗಿನ ವಂಚನೆಯ ರೀತಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ ಎಂಬ ಒಂದು ಸಂಗತಿಯನ್ನು ನಾನು ನೂರಾರು ಸಲ ಹೇಳಿದ್ದೇನೆ. ಆದರೂ ಅವಸರದಲ್ಲಿ, ಭಯದಲ್ಲಿ ಒತ್ತಿದವರಿದ್ದಾರೆ. ಹಾಗೆ ನಾವೇ ಕಳಿಸಿದ ಹಣ ಹಿಂತಿರುಗುವುದು ಬಹಳ ಕಷ್ಟ. ಕ್ರೆಡಿಟ್ ಕಾರ್ಡಿನಲ್ಲಿ ತಕರಾರು ಎತ್ತಲು ಒಂದು ಕ್ರಮವಿದೆ, ಮತ್ತು ಆ ಕ್ಷಣಕ್ಕೆ ಸಿಕ್ಕಿಕೊಂಡಿರುವುದು ನಮ್ಮ ಉಳಿತಾಯದ ಹಣವಲ್ಲ.

ಹೊಳೆನರಸೀಪುರದ ಬಳಿಯ ಹಳ್ಳಿಯಲ್ಲಿರುವ ನಮ್ಮಕ್ಕನಿಗೆ ಎಪ್ಪತ್ತೆರಡು ವರ್ಷ. ಅವರ ಮಗ ಹೊಸ ಫೋನ್ ತಂದುಕೊಟ್ಟು ಎಲ್ಲವನ್ನೂ ಬೆರಳಚ್ಚಿಗೆ ಜೋಡಿಸಿಟ್ಟ. ಐವತ್ತು ವರ್ಷ ಗದ್ದೆಯಲ್ಲಿ ಕಳೆ ಕಿತ್ತ ಕೈ ಅದು. “ಬೆರಳೇ ಸವೆದು ಹೋಗಿದೆ ಕಣೋ, ಯಂತ್ರಕ್ಕೆ ನನ್ನ ಗುರುತೇ ಸಿಗಾಕಿಲ್ಲ” ಎಂದು ಅಕ್ಕ ನನಗೆ ಫೋನ್ ಮಾಡಿ ಹೇಳಿದಾಗ ನನಗೆ ನೋವಾಯಿತು. ಪಡಿತರ ಅಂಗಡಿಯಲ್ಲೂ ಅವರಿಗೆ ಇದೇ ಅನುಭವ. ಆದರೆ ನಾಲ್ಕು ಅಂಕಿಯ ಪಿನ್ ಅವರಿಗೆ ಎಂದೂ ಮರೆತಿಲ್ಲ. ಚಿಪ್ ಕಾರ್ಡನ್ನು ಯಂತ್ರಕ್ಕೆ ತೂರಿಸಿ, ಇನ್ನೊಂದು ಕೈಯನ್ನು ಅಡ್ಡ ಹಿಡಿದು, ನಿಧಾನವಾಗಿ ನಾಲ್ಕು ಗುಂಡಿ ಒತ್ತುತ್ತಾರೆ. ಪಟ್ಟಣದ ಗೊಬ್ಬರದ ಅಂಗಡಿಯಲ್ಲಿ ಯಾರ ಸಹಾಯವನ್ನೂ ಕೇಳದೆ ಅವರು ಬಿಲ್ಲು ಕಟ್ಟುವುದು ಹೀಗೆ.

ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಿ, ಆದರೆ ಎರಡಕ್ಕೂ ಒಂದೇ ಖಾತೆಯನ್ನು ಕಟ್ಟಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ನನ್ನ ಫೋನಿನ ಯುಪಿಐಗೆ ಜೋಡಿಸಿರುವುದು ಬೇರೆಯದೇ ಒಂದು ಉಳಿತಾಯ ಖಾತೆ. ಅದರಲ್ಲಿ ಎಂಟು ಹತ್ತು ಸಾವಿರಕ್ಕಿಂತ ಹೆಚ್ಚು ಇಡುವುದಿಲ್ಲ. ಪಿಂಚಣಿ ಬರುವ ಖಾತೆಗೆ ಕಾರ್ಡ್ ಮಾತ್ರ ಇದೆ. ಕಾರ್ಡ್ ಕಳೆದರೆ ತಡಮಾಡದೆ ಬ್ಯಾಂಕಿಗೆ ತಿಳಿಸಬೇಕು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ನಿಯಮ ಹೇಳುತ್ತದೆ. ತಿಳಿಸಬೇಕಾದ ಸಂಖ್ಯೆಯಾದರೋ ಕಾರ್ಡಿನ ಬೆನ್ನಿನ ಮೇಲೆ ಮತ್ತು ಫೋನಿನೊಳಗೆ ಇರುತ್ತದೆ, ಅಂದರೆ ಕಳೆದುಹೋಗುವ ಎರಡು ವಸ್ತುಗಳಲ್ಲಿಯೇ ಇರುತ್ತದೆ. ಅದಕ್ಕೇ ಬ್ಯಾಂಕಿನ ಸಹಾಯವಾಣಿಯನ್ನೂ, ಸೈಬರ್ ವಂಚನೆಯ ದೂರಿಗೆ ಇರುವ 1930 ಎಂಬ ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಬರೆದು ನಮ್ಮ ಮನೆಯ ಅಡುಗೆಕೋಣೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದೇನೆ. ಅಕ್ಕನ ಮನೆಯ ಗೋಡೆಗೂ ಅಂಥದೇ ಒಂದು ಚೀಟಿಯನ್ನು ಹೋದ ತಿಂಗಳು ಅಂಟಿಸಿ ಬಂದೆ.