ತೂಕ ಏರಿಸುವ ಪ್ರಾಜೆಕ್ಟ್: ತಟ್ಟೆ ಅದೇ, ಕ್ಯಾಲೊರಿ ಜಾಸ್ತಿ

ಸಣ್ಣಗಿರುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಚೆನ್ನಾಗಿ ತಿನ್ನು. ಅರ್ಧ ತಟ್ಟೆಗೇ ಸಾಕಾಯಿತು ಅನ್ನುವವನಿಗೆ ಇನ್ನೊಂದು ತಟ್ಟೆ ಬಡಿಸಿದರೆ ಏನಾಗುತ್ತೆ? ಒಂದು ದಿನ ಗಂಟಲವರೆಗೆ ತಿನ್ನುತ್ತಾನೆ. ಮರುದಿನ ಊಟದ ಹೆಸರೆತ್ತಿದರೆ ಮುಖ ತಿರುಗಿಸುತ್ತಾನೆ. ಅದಕ್ಕೇ ಈ ಪ್ರಾಜೆಕ್ಟಿಗೆ ಒಂದೇ ನಿಯಮ ಇಟ್ಟುಕೊಂಡೆ. ತಟ್ಟೆ ದೊಡ್ಡದಾಗಬಾರದು, ಅದರೊಳಗಿನ ಕ್ಯಾಲೊರಿ ಮಾತ್ರ ಏರಬೇಕು. ಇಲ್ಲಿವರೆಗೆ ಏನೇನು ಮಾಡಿದೆ, ಯಾವುದು ಉಳಿಯಿತು, ಯಾವುದನ್ನು ಬಿಟ್ಟೆ ಅಂತ ಬರೆದಿಡುತ್ತಿದ್ದೇನೆ.

ಶುರುವಿನ ಲೆಕ್ಕ

ಎತ್ತರ 174 ಸೆಂ.ಮೀ., ತೂಕ 53 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅಂತ ಹೇಳುವ ಅಳತೆ, 17.5. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 18.5ಕ್ಕಿಂತ ಕೆಳಗಿದ್ದರೆ ತೂಕ ಕಡಿಮೆ ಅಂತ ಲೆಕ್ಕ. ನನ್ನ ಎತ್ತರಕ್ಕೆ ಆ ಗೆರೆ ಬರುವುದು 56 ಕೆಜಿಗೆ. ಅದು ಮೊದಲ ಗುರಿ. ಆಮೇಲಿನದ್ದು 60.

ಅಡುಗೆಮನೆಗೆ ಕಾಲಿಡುವ ಮುಂಚೆ ಡಾಕ್ಟರ ಹತ್ತಿರ ಹೋಗಿ ಬಂದೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದರೆ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಅಂಥದ್ದೇನೂ ಇಲ್ಲ ಅಂತ ಗೊತ್ತಾದ ಮೇಲೇ ಈ ಆಟ. ನನ್ನದು ಚಿಕ್ಕಂದಿನಿಂದಲೂ ಹೀಗೇ ಇರುವ ಮೈ. ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಕಥೆಯೇ ಬೇರೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ಶೇ. 5ಕ್ಕಿಂತ ಹೆಚ್ಚು ಹೋಗಿದ್ದರೆ ಶೇಕ್ ಕುಡಿಯುತ್ತಾ ಕೂರುವುದಲ್ಲ, ತೋರಿಸಿಕೊಳ್ಳಬೇಕು. ಹಾಗೆಯೇ ಹಲವು ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದವರು ಒಮ್ಮೆಲೇ ಜಾಸ್ತಿ ತಿಂದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅವರು ಮತ್ತೆ ತಿನ್ನಲು ಶುರು ಮಾಡುವುದು ಡಾಕ್ಟರ ಕಣ್ಗಾವಲಿನಲ್ಲೇ ಆಗಬೇಕು.

ಬರೆದಿಟ್ಟ ವಾರ

ಮೊದಲ ವಾರ ಊಟದಲ್ಲಿ ಏನೂ ಬದಲಿಸಲಿಲ್ಲ. ತಿಂದದ್ದನ್ನೆಲ್ಲ ತೂಗಿ ಬರೆದೆ, ಅಷ್ಟೆ. ಅಡುಗೆಮನೆಯ ಸಣ್ಣ ತೂಕದ ಯಂತ್ರವೊಂದು ಇದ್ದರೆ ಸಾಕು.

ವಾರದ ಕೊನೆಗೆ ಪುಸ್ತಕ ತಿರುವಿ ನೋಡಿದರೆ ಚಿತ್ರ ಸ್ಪಷ್ಟವಾಗಿತ್ತು. ರಾತ್ರಿ ಊಟ ಭರ್ಜರಿ, ನೋಡಿದವರು ‘ಇಷ್ಟು ತಿಂದೂ ಹೀಗಿದ್ದಾನಲ್ಲ’ ಅನ್ನುವಷ್ಟು. ಬೆಳಿಗ್ಗೆ ಮಾತ್ರ ಕಾಫಿ ಮತ್ತು ಎರಡು ಬಿಸ್ಕತ್ತು. ಮಧ್ಯಾಹ್ನ ಕೆಲಸ ಜಾಸ್ತಿಯಿದ್ದರೆ ಊಟ ಸಂಜೆಗೆ ಜಾರುತ್ತಿತ್ತು. ಹಸಿವೂ ತಕರಾರು ಮಾಡುತ್ತಿರಲಿಲ್ಲ. ಒಂದೊಂದು ದಿನ 2300 ಕ್ಯಾಲೊರಿ, ಮರುದಿನ 1600. ಕಣ್ಣಿಗೆ ಬೀಳುವುದು ಭರ್ಜರಿ ಊಟ, ಮೈ ಲೆಕ್ಕ ಹಾಕುವುದು ಇಡೀ ವಾರದ್ದು.

ಇನ್ನೊಂದು ವಿಷಯವೂ ಇದೆ. ಇದನ್ನು ಓದಿದ ಮೇಲೆ ನನಗೆ ಸ್ವಲ್ಪ ಸಮಾಧಾನವಾಯಿತು. 1999ರಲ್ಲಿ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 16 ಜನರಿಗೆ 8 ವಾರ, ಬೇಕಾದದ್ದಕ್ಕಿಂತ ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಒಬ್ಬರ ಮೈಗೆ ಸೇರಿದ ಕೊಬ್ಬು ಅರ್ಧ ಕೆಜಿಯೂ ಇಲ್ಲ. ಇನ್ನೊಬ್ಬರಿಗೆ 4 ಕೆಜಿ ದಾಟಿತು. ಊಟ ಹೆಚ್ಚಾದಾಗ ಕೆಲವರ ಮೈ ತನಗೇ ಗೊತ್ತಿಲ್ಲದೆ ಓಡಾಟ ಹೆಚ್ಚಿಸಿಕೊಳ್ಳುತ್ತದೆ. ಕಾಲು ಅಲ್ಲಾಡಿಸುವುದು, ಎದ್ದು ಕೂರುವುದು, ಫೋನಿನಲ್ಲಿ ಮಾತಾಡುತ್ತಾ ಕೋಣೆಯೆಲ್ಲ ಸುತ್ತುವುದು. ಹೀಗೆ ಸುಮ್ಮಸುಮ್ಮನೆ ಕರಗುವ ಶಕ್ತಿ ದಿನಕ್ಕೆ 700 ಕ್ಯಾಲೊರಿಯ ಹತ್ತಿರಕ್ಕೂ ಏರಿತ್ತು ಒಬ್ಬರಲ್ಲಿ. ನಾನಂತೂ ಕೂತಲ್ಲಿ ಕೂರದ ಜಾತಿ. ಅಂದರೆ ಪುಸ್ತಕದ ಲೆಕ್ಕ ಹೇಳುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಬೇಕು ಅಂತ ಆಗಲೇ ಅಂದುಕೊಂಡೆ.

ಗುರಿ ಹೀಗೆ ಇಟ್ಟೆ: ಈಗಿನ ಸರಾಸರಿಗೆ ದಿನಕ್ಕೆ 400 ಕ್ಯಾಲೊರಿ ಸೇರಿಸುವುದು. ಸಾಮಾನ್ಯವಾಗಿ ಹೇಳುವ 300ರಿಂದ 500ರ ನಡುವೆ ಅದು ಬರುತ್ತದೆ. ಒಂದೇ ಸಲ 1000 ಏರಿಸಿದರೆ ಸೇರುವುದು ಹೆಚ್ಚಾಗಿ ಕೊಬ್ಬೇ. ಜೊತೆಗೆ ಹೊಟ್ಟೆಯುಬ್ಬರ ಬೇರೆ.

ಎಣ್ಣೆ, ಬೆಣ್ಣೆ, ಬೀಜಗಳು

ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕ್ಯಾಲೊರಿ. ಒಂದು ಗ್ರಾಂ ಕೊಬ್ಬಿನಲ್ಲಿ 9. ಈ ಪ್ರಾಜೆಕ್ಟಿನ ಅರ್ಧ ಕೆಲಸ ಇಷ್ಟರಲ್ಲೇ ಮುಗಿಯಿತು ಅನ್ನಬಹುದು.

ಒಂದು ದೊಡ್ಡ ಚಮಚ ಎಣ್ಣೆ ಸುಮಾರು 14 ಗ್ರಾಂ, 120 ಕ್ಯಾಲೊರಿ. ಅಷ್ಟೇ ಕ್ಯಾಲೊರಿ ಅನ್ನದಿಂದ ಬರಬೇಕಾದರೆ 90 ಗ್ರಾಂಗೂ ಮೇಲೆ ಬೆಂದ ಅನ್ನ ತಿನ್ನಬೇಕು. ಬಿಸಿ ಅನ್ನಕ್ಕೆ ಒಂದು ಚಮಚ ಎಣ್ಣೆ ಹಾಕಿ ಕಲಸಿದರೆ ಬಟ್ಟಲಿನಲ್ಲಿ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಅಗುಳುಗಳು ಸ್ವಲ್ಪ ಹೊಳೆಯುತ್ತವೆ, ಅಷ್ಟೆ. ಬೇಯಿಸಿ ಹಿಸುಕಿದ ಆಲೂಗಡ್ಡೆ ಇನ್ನೂ ಒಳ್ಳೆಯದು, ಎರಡು ಚಮಚ ಹಾಕಿದರೂ ಕುಡಿದುಬಿಡುತ್ತದೆ. ಸೂಪಿನಲ್ಲಿ ಮಾತ್ರ ಎಣ್ಣೆ ಮೇಲೆ ತೇಲಿ ಕಾಣಿಸುತ್ತದೆ, ನನಗೆ ಸೇರಲಿಲ್ಲ. ಸೂಪಿಗೆ ಹಾಲಿನ ಪುಡಿಯೋ ತುರಿದ ಚೀಸೋ ಸರಿ.

ಬೆಣ್ಣೆಯನ್ನೇ ಎಲ್ಲದಕ್ಕೂ ಸುರಿಯಬಹುದಲ್ವಾ ಅಂತ ಕೇಳಬಹುದು. ರುಚಿ ಚೆನ್ನಾಗಿರುತ್ತೆ, ನಿಜ. ಆದರೆ ಅದರ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಸ್ಯಾಚುರೇಟೆಡ್, ಅಂದರೆ ಜಾಸ್ತಿಯಾದರೆ ರಕ್ತನಾಳಗಳಿಗೆ ಒಳ್ಳೆಯದಲ್ಲದ ಬಗೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಅಂಥ ಕೊಬ್ಬು ಶೇ. 10 ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಣ್ಣಗಿದ್ದಾನೆ ಅಂತ ರಕ್ತನಾಳಗಳೇನೂ ರಿಯಾಯಿತಿ ಕೊಡುವುದಿಲ್ಲ. ಬೆಣ್ಣೆ ಬ್ರೆಡ್ಡಿಗೆ ಮಾತ್ರ ಇಟ್ಟುಕೊಂಡೆ. ಉಳಿದ ಕಡೆ ಕಡಲೆಕಾಯಿ, ಆಲಿವ್, ಸಾಸಿವೆಯಂಥ ಎಣ್ಣೆಗಳು.

ತಿನ್ನುವ ಕ್ರಮವನ್ನೂ ಬದಲಿಸಿದೆ. ಹಸಿ ತರಕಾರಿ, ಸೂಪು, ದೊಡ್ಡ ಲೋಟ ನೀರು ಇವೆಲ್ಲ ಊಟಕ್ಕೆ ಮೊದಲು ಬಂದರೆ ನನ್ನಂಥವರ ಹೊಟ್ಟೆ ಅಲ್ಲಿಗೇ ಬಾಗಿಲು ಹಾಕುತ್ತದೆ. ತರಕಾರಿ ಬಿಡಲಿಲ್ಲ. ಅದನ್ನು ಕೊನೆಗೆ ತಳ್ಳಿದೆ, ಹಸಿಯದರ ಬದಲು ಎಣ್ಣೆಯಲ್ಲಿ ಬಾಡಿಸಿದ್ದು ಹೆಚ್ಚು ಮಾಡಿದೆ. ನೀರು ಊಟಗಳ ನಡುವೆ.

ಬಾದಾಮಿಯ ವಿಷಯದಲ್ಲಿ ಒಂದು ತಮಾಷೆ ಇದೆ. 28 ಗ್ರಾಂ ಬಾದಾಮಿಗೆ 170ರಷ್ಟು ಕ್ಯಾಲೊರಿ ಅಂತ ಪೊಟ್ಟಣದ ಮೇಲಿರುತ್ತದೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಜನರಿಗೆ ತಿನ್ನಿಸಿ ಅಳೆದಾಗ ಮೈಗೆ ದಕ್ಕಿದ್ದು 129 ಮಾತ್ರ. ಇಡೀ ಬೀಜವನ್ನು ಹಲ್ಲು ಪೂರ್ತಿ ಅರೆಯುವುದಿಲ್ಲ. ಒಡೆಯದೆ ಉಳಿದ ಜೀವಕೋಶದ ಗೋಡೆಯೊಳಗೆ ಕೊಬ್ಬು ಸಿಕ್ಕಿಕೊಂಡು ಹಾಗೇ ಹೊರಗೆ ಹೋಗುತ್ತದೆ. ತೂಕ ಇಳಿಸುವವರಿಗೆ ಇದು ಖುಷಿಯ ಸುದ್ದಿ, ನಮಗೆ ನಷ್ಟ. ನುಣ್ಣಗೆ ಅರೆದರೆ ಈ ಸೋರಿಕೆ ನಿಲ್ಲುತ್ತದೆ. ಹಾಗಾಗಿ ಮುಷ್ಟಿಗಟ್ಟಲೆ ಬೀಜ ಅಗಿಯುವುದಕ್ಕಿಂತ ಬೀಜದ ಬೆಣ್ಣೆ ಮೇಲು. ದವಡೆಗೂ ಆರಾಮ. ಎರಡು ದೊಡ್ಡ ಚಮಚ ಪೀನಟ್ ಬಟರ್ ಅಂದರೆ 190 ಕ್ಯಾಲೊರಿ, 7 ಗ್ರಾಂ ಪ್ರೋಟೀನ್. ಕೊಳ್ಳುವಾಗ ಪದಾರ್ಥಗಳ ಪಟ್ಟಿ ನೋಡಿ. ಕಡಲೆಕಾಯಿ, ಉಪ್ಪು ಇಷ್ಟೇ ಇದ್ದರೆ ಒಳ್ಳೆಯದು. ಮೇಲೆ ಎಣ್ಣೆ ನಿಂತಿದ್ದರೆ ಗಾಬರಿ ಬೇಡ, ಕಲಸಿಕೊಳ್ಳಿ. ಆ ಎಣ್ಣೆ ಚೆಲ್ಲಿದರೆ ಪ್ರಾಜೆಕ್ಟಿನ ಅಸಲನ್ನೇ ಚೆಲ್ಲಿದ ಹಾಗೆ.

ಶೇಕ್

ಬೆಳಗಿನ ಹೊತ್ತು ನನಗೆ ತಿನ್ನಲು ಆಗುವುದಿಲ್ಲ, ಆದರೆ ಕುಡಿಯಲು ಆಗುತ್ತದೆ. ದ್ರವ ರೂಪದ ಕ್ಯಾಲೊರಿಗೆ ಹೊಟ್ಟೆ ಅಷ್ಟು ಬೇಗ ಸಾಕು ಅನ್ನುವುದಿಲ್ಲ. ತೂಕ ಇಳಿಸುವವರಿಗೆ ಸಿಹಿ ಪಾನೀಯ ಬೇಡ ಅನ್ನುವುದಕ್ಕೆ ಇರುವ ಒಂದು ಕಾರಣವೇ ನಮಗೆ ಅನುಕೂಲ.

ಈಗ ನೆಲೆಗೊಂಡಿರುವ ಅಳತೆ: ಕೆನೆ ತೆಗೆಯದ ಹಾಲು 300 ಮಿ.ಲೀ., ಒಂದು ಬಾಳೆಹಣ್ಣು, ಓಟ್ಸ್ 40 ಗ್ರಾಂ, ಪೀನಟ್ ಬಟರ್ ಎರಡು ದೊಡ್ಡ ಚಮಚ, ಹಾಲಿನ ಪುಡಿ ಎರಡು ಚಮಚ. ಒಟ್ಟು ಸುಮಾರು 700 ಕ್ಯಾಲೊರಿ, 25 ಗ್ರಾಂ ದಾಟುವ ಪ್ರೋಟೀನ್. ಸಕ್ಕರೆ ಹಾಕುವುದಿಲ್ಲ, ಹಣ್ಣು ಚೆನ್ನಾಗಿ ಕಳಿತಿದ್ದರೆ ಸಿಹಿ ಸಾಕಾಗುತ್ತದೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಹಾಕುವ ಕ್ರಮ. ಓಟ್ಸನ್ನು ಮೊದಲು ಒಣದಾಗಿಯೇ ಮಿಕ್ಸಿಯಲ್ಲಿ ತಿರುಗಿಸಿ ಹಿಟ್ಟು ಮಾಡಿಕೊಳ್ಳಬೇಕು. ಹಾಲಿನ ಜೊತೆ ಹಾಗೇ ಹಾಕಿದರೆ ಚೂರುಗಳು ಹಲ್ಲಿಗೆ ಸಿಗುತ್ತವೆ, ಗಂಟಲಲ್ಲಿ ತಡೆಯುತ್ತವೆ. ಹಿಟ್ಟಿಗೆ ಹಾಲಿನ ಪುಡಿ ಸೇರಿಸಿ, ಸ್ವಲ್ಪವೇ ಹಾಲು ಹಾಕಿ ಒಂದು ಸುತ್ತು. ಗಂಟು ಕರಗಿದ ಮೇಲೆ ಬಾಳೆಹಣ್ಣು, ಉಳಿದ ಹಾಲು. ಪೀನಟ್ ಬಟರ್ ಕೊನೆಗೆ. ಮೊದಲೇ ಹಾಕಿದರೆ ಅದು ಬ್ಲೇಡಿನ ಬುಡಕ್ಕೆ ಅಂಟಿ ಕೂರುತ್ತದೆ, ತೊಳೆಯುವಾಗ ಕೈಗೆ ಬರುವುದು ಅದೇ 190 ಕ್ಯಾಲೊರಿ. ಮಾಡಿದ ತಕ್ಷಣ ಕುಡಿಯಬೇಕು. ಅರ್ಧ ಗಂಟೆ ಬಿಟ್ಟರೆ ಓಟ್ಸ್ ನೀರು ಹೀರಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಮೇಲೆ ನೊರೆ ಜಾಸ್ತಿಯಿದ್ದರೂ ಕಷ್ಟ, ಗಾಳಿಯೇ ಹೊಟ್ಟೆ ತುಂಬುತ್ತದೆ. ಹಣ್ಣನ್ನು ಮುಂಚೆಯೇ ಹೆಚ್ಚಿ ಫ್ರೀಜರಿನಲ್ಲಿಟ್ಟರೆ ತಣ್ಣಗೆ, ದಪ್ಪಗೆ ಬರುತ್ತದೆ. ಬೇಸಿಗೆಯಲ್ಲಿ ಹೀಗೇ ಮಾಡುವುದು.

ಶುರು ಮಾಡುವವರು ಅರ್ಧ ಅಳತೆಯಿಂದ ಶುರು ಮಾಡಿ. ಇದ್ದಕ್ಕಿದ್ದ ಹಾಗೆ ಇಷ್ಟು ಓಟ್ಸು, ಇಷ್ಟು ಹಾಲು ಒಳಗೆ ಹೋದರೆ ಹೊಟ್ಟೆ ಗುಡುಗುತ್ತದೆ. ಹಾಲು ಒಗ್ಗದವರಿಗೆ ಲ್ಯಾಕ್ಟೋಸ್ ಇಲ್ಲದ ಹಾಲು ಅಥವಾ ಸೋಯಾ ಹಾಲು ಸರಿ. ಬಾದಾಮಿ ಹಾಲು ಮಾತ್ರ ಬೇಡ. ಹೆಸರು ಗಟ್ಟಿ, ಒಳಗೆ ಬರೀ ನೀರು. ಸಕ್ಕರೆ ಹಾಕದ ಬಾದಾಮಿ ಹಾಲಿನ ಒಂದು ಲೋಟದಲ್ಲಿ 30ರಿಂದ 40 ಕ್ಯಾಲೊರಿ ಇದ್ದರೆ ಹೆಚ್ಚು.

ದೊಡ್ಡ ಡಬ್ಬಿಗಳಲ್ಲಿ ಬರುವ ‘ಮಾಸ್ ಗೇನರ್’ ಪುಡಿಗಳನ್ನೂ ನೋಡಿದೆ. ಕೊಳ್ಳಲಿಲ್ಲ. ಹಲವು ಡಬ್ಬಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗ ಕರಗುವ ಪಿಷ್ಟ. ಆ ಕೆಲಸವನ್ನು ಓಟ್ಸ್ ಮಾಡುತ್ತದೆ, ನಾರಿನ ಸಮೇತ. ತಿನ್ನಲು ನಿಜವಾಗಿಯೂ ಸಮಯ ಸಿಗದವರಿಗೆ ಡಬ್ಬಿ ಅನುಕೂಲವಾಗಬಹುದು. ನನಗೆ ಬೇಡವಾಯಿತು.

ಐಸ್‌ಕ್ರೀಮು, ಕೋಲಾ, ಚಿಪ್ಸಿನಿಂದಲೂ ಕ್ಯಾಲೊರಿ ಬರುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಸೇರಿಸಿದ ಸಕ್ಕರೆಗೂ ಶೇ. 10ರ ಮಿತಿಯಿದೆ. ಅಪರೂಪಕ್ಕೆ ತಿನ್ನುತ್ತೇನೆ, ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಜಾಗ ಕೊಟ್ಟಿಲ್ಲ.

ತೂಕ ನೋಡುವ ಬಗೆ

ಮೊದಲ ಹತ್ತು ದಿನದಲ್ಲೇ ಮುಕ್ಕಾಲು ಕೆಜಿ ಏರಿತು. ಕುಣಿಯಬೇಡಿ, ಅದರಲ್ಲಿ ಹೆಚ್ಚಿನದು ಮಾಂಸವೂ ಅಲ್ಲ ಕೊಬ್ಬೂ ಅಲ್ಲ. ಪಿಷ್ಟ ಜಾಸ್ತಿ ತಿಂದಾಗ ಸ್ನಾಯುಗಳು ಅದನ್ನು ಗ್ಲೈಕೋಜನ್ ಆಗಿ ಕೂಡಿಡುತ್ತವೆ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ 3 ಗ್ರಾಂನಷ್ಟು ನೀರು ನಿಲ್ಲುತ್ತದೆ. ಜೊತೆಗೆ ಹೊಟ್ಟೆಯೊಳಗೆ ಊಟದ ಭಾರ ಬೇರೆ. ಮೂರನೇ ವಾರದಿಂದಾಚೆ ಏರುವುದೇ ನಿಜವಾದ ಏರಿಕೆ.

ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ತೂಕ ನೋಡುತ್ತೇನೆ. ದಿನದಿಂದ ದಿನಕ್ಕೆ ಒಂದು ಕೆಜಿ ಆಚೀಚೆ ಆಗುವುದು ಮಾಮೂಲು. ಉಪ್ಪು ಜಾಸ್ತಿ ತಿಂದ ಮರುದಿನ ಏರುತ್ತದೆ, ನಿದ್ದೆಗೆಟ್ಟ ದಿನ ಹೇಗೋ ಇರುತ್ತದೆ. ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸುವುದಷ್ಟೇ ಕೆಲಸ. ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಏರಿದರೆ ನನಗೆ ಸಾಕು.

ಎರಡನೇ ತಿಂಗಳಲ್ಲಿ ತೂಕ 55ರ ಹತ್ತಿರ ನಿಂತುಬಿಟ್ಟಿತು. ತಿನ್ನುವುದರಲ್ಲಿ ಕಡಿಮೆಯಾಗಿರಲಿಲ್ಲ. ಮೈ ದೊಡ್ಡದಾದಷ್ಟೂ ಅದರ ಖರ್ಚೂ ಏರುತ್ತದೆ, ಜೊತೆಗೆ ಆ ಕಾಲು ಅಲ್ಲಾಡಿಸುವ ಲೆಕ್ಕ ಬೇರೆ. ಇನ್ನೊಂದು 200 ಕ್ಯಾಲೊರಿ ಸೇರಿಸಿದೆ. ಸಂಜೆ ನಾಲ್ಕು ಖರ್ಜೂರ, ಒಂದು ತುಂಡು ಚೀಸ್. ಎರಡು ವಾರದಲ್ಲಿ ತೂಕ ಮತ್ತೆ ಅಲುಗಿತು.

ಭಾರ ಎತ್ತುವುದು

ಇದರ ಬಗ್ಗೆ ಹೆಚ್ಚು ಬರೆಯಲು ನಾನು ಅರ್ಹನಲ್ಲ. ವಾರಕ್ಕೆ ಮೂರು ದಿನ ಸ್ಕ್ವಾಟ್, ಪುಷ್ಅಪ್, ಡಂಬೆಲ್ ಎಳೆಯುವುದು. ವಾರ ವಾರಕ್ಕೆ ಸ್ವಲ್ಪ ಭಾರ ಹೆಚ್ಚಿಸುವುದು. ಇದಿಲ್ಲದೆ ತಿಂದರೆ ಸೇರುವುದು ಹೆಚ್ಚಾಗಿ ಕೊಬ್ಬೇ. ಸ್ನಾಯು ಬೆಳೆಯಲು ಮೈತೂಕದ ಪ್ರತಿ ಕೆಜಿಗೆ 1.6 ಗ್ರಾಂ ಪ್ರೋಟೀನ್ ಸಾಕು ಅನ್ನುವುದು ಒಳ್ಳೆಯ ಅಂದಾಜು. ನನಗೆ ದಿನಕ್ಕೆ 90 ಗ್ರಾಂ ಹತ್ತಿರ. ಶೇಕಿನಲ್ಲಿ 25, ಮೂರು ಮೊಟ್ಟೆಯಲ್ಲಿ 18, ಉಳಿದದ್ದು ಕಾಳು, ಮೊಸರು, ಮೀನಿನಿಂದ. ಅದಕ್ಕಿಂತ ಜಾಸ್ತಿ ಪ್ರೋಟೀನಿನ ಹಿಂದೆ ಬಿದ್ದರೆ ಹೊಟ್ಟೆ ಬೇಗ ತುಂಬುತ್ತದೆ, ಉಳಿದ ಊಟ ಕೆಡುತ್ತದೆ.

ಓಟ ಪೂರ್ತಿ ನಿಲ್ಲಿಸಲಿಲ್ಲ, ಕಡಿಮೆ ಮಾಡಿದೆ. ಸಂಜೆಯ ನಡಿಗೆ ಹಾಗೇ ಇದೆ. ನಡೆದ ದಿನ ರಾತ್ರಿ ಹಸಿವು ಚೆನ್ನಾಗಿರುತ್ತೆ, ಕಳೆದುಕೊಂಡದ್ದು ವಾಪಸ್ ಬರುತ್ತದೆ.

ಸದ್ಯಕ್ಕೆ

ಮೂರು ತಿಂಗಳು ದಾಟಿದೆ. ಕಳೆದ ವಾರದ ಸರಾಸರಿ 56.4. ಗೆರೆ ದಾಟಿತು. ಸೊಂಟದ ಅಳತೆ ಒಂದು ಸೆಂ.ಮೀ. ಏರಿದೆ, ತೊಡೆ ಎರಡು. ಅನುಪಾತ ಪರವಾಗಿಲ್ಲ.

ಬಾಳೆಹಣ್ಣಿನ ಶೇಕ್ ಮಾತ್ರ ಬೇಜಾರಾಗಿದೆ, ವಾಸನೆಗೇ ಹಿಂದೆ ಸರಿಯುವ ಹಾಗೆ. ಮುಂದಿನ ವಾರದಿಂದ ಬಾಳೆಹಣ್ಣಿನ ಬದಲು ನೆನೆಸಿದ ಖರ್ಜೂರ, ಪೀನಟ್ ಬಟರ್ ಬದಲು ಎಳ್ಳಿನ ಪೇಸ್ಟು, ಒಂದು ಚಮಚ ಕೋಕೋ ಪುಡಿ. ಕಾಗದದ ಮೇಲೆ ಕ್ಯಾಲೊರಿ ಅಷ್ಟೇ ಬರುತ್ತದೆ. ಎಳ್ಳು ಕಹಿ ಹೊಡೆದರೆ ಅರ್ಧಕ್ಕರ್ಧ ಕಡಲೆಕಾಯಿ ಬೆರೆಸಿ ನೋಡುತ್ತೇನೆ. 58 ಮುಟ್ಟಿದಾಗ ಮತ್ತೆ ಒಂದು ವಾರ ಎಲ್ಲವನ್ನೂ ತೂಗಿ ಬರೆಯುವುದಿದೆ.