ಕೊನೆಯ ಕೆ.ಟಿ.

ಆ ಗುರುವಾರ ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಅಮೆರಿಕದಿಂದ ಬಂದಿದ್ದ ದೊಡ್ಡ ಸಾಹೇಬರು ಮೈಸೂರು ಪೇಟ ಹಾಕಿಸಿಕೊಂಡು, ಶಾಲು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ, ಇದೇ ಕಟ್ಟಡದಲ್ಲಿ ಇನ್ನೆರಡು ಮಹಡಿ ಬಾಡಿಗೆಗೆ ಹಿಡಿದಿದ್ದೇವೆ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಭಾಷಣದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕತೆಯೂ ಬಂತು: 1985ರಲ್ಲಿ ಬೆಂಗಳೂರಿಗೆ ಬಂದ ಆ ಕಂಪನಿಯ ಉಪಗ್ರಹ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದು. ಇಂಥ ಸಭೆಗಳಲ್ಲಿ ನಲವತ್ತು ವರ್ಷದಿಂದ ಆ ಎತ್ತುಗಳಿಗೆ ಬಿಡುವೇ ಇಲ್ಲ.

ಸಂಜೆ ಏಳೂವರೆಗೆ ನನ್ನ ಕೊನೆಯ ಕೆ.ಟಿ. ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್. ಅಲ್ಲಿಯವರು ಮಾಡುತ್ತಿದ್ದ ಕೆಲಸವನ್ನು ಇಲ್ಲಿಯವರಿಗೆ ಅವರ ಕೈಯಲ್ಲೇ ಕಲಿಸುವುದು. ಓಹಾಯೋದಲ್ಲಿ ಆಗ ಬೆಳಗ್ಗೆ ಹತ್ತು. ಹತ್ತೊಂಬತ್ತು ವರ್ಷ ಬಿಲ್ಲಿಂಗ್ ಸಿಸ್ಟಮ್ ನೋಡಿಕೊಂಡಿದ್ದ ಆ ಹೆಂಗಸು ಆರು ವಾರದಿಂದ ನನಗೆ ಪಾಠ ಹೇಳುತ್ತಿದ್ದರು. ಡಾಕ್ಯುಮೆಂಟಿನಲ್ಲಿ ಇದ್ದದ್ದಕ್ಕಿಂತ ಅವರ ಬಾಯಲ್ಲಿದ್ದದ್ದೇ ಹೆಚ್ಚು. ತಿಂಗಳ ಕೊನೆಯ ರಾತ್ರಿ ಯಾವ ಜಾಬ್, ಅಂದರೆ ಯಾವ ಪ್ರೋಗ್ರಾಮ್, ಮೊದಲು ಓಡಬೇಕು, ಬ್ಯಾಂಕಿನ ಫೈಲು ತಡವಾದರೆ ಯಾರನ್ನು ಎಬ್ಬಿಸಬೇಕು. ಒಂದು ಎರರ್ ತೋರಿಸಿ, ಇದು ಬಂದರೆ ಏನೂ ಮುಟ್ಟಬೇಡಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಓಡಿಸಿ ಎಂದಿದ್ದರು. ಯಾಕೆ ಅಂತ ಕೇಳಿದ್ದೆ. ತಮಗೂ ಗೊತ್ತಿಲ್ಲ ಎಂದು ನಕ್ಕಿದ್ದರು.

ಅವತ್ತು ಅವರು ಕ್ಯಾಮೆರಾ ಹಾಕಿದ್ದರು. ಬೆನ್ನ ಹಿಂದೆ ರಟ್ಟಿನ ಡಬ್ಬ, ಅದರಿಂದ ಇಣುಕುವ ಒಂದು ಹೂಕುಂಡ. ಮಾತು ಹದಿನೈದು ನಿಮಿಷಕ್ಕೇ ಮುಗಿಯಿತು. ಇನ್ನೇನಾದರೂ ಕೇಳುವುದಿದೆಯಾ ಎಂದರು. ಕೇಳುವುದಿತ್ತು. ಮುಂದೆ ಏನು ಮಾಡುತ್ತೀರಿ ಎಂಬುದು ನಾಲಿಗೆಯ ತುದಿಗೆ ಬಂದು, ಅದರ ಬದಲು ಸರ್ವರಿನ ಪಾಸ್‌ವರ್ಡ್ ಯಾವಾಗ ಬದಲಾಗುತ್ತದೆ ಎಂದು ಕೇಳಿಬಿಟ್ಟೆ. ಅದನ್ನು ಎರಡನೇ ವಾರವೇ ಬರೆದುಕೊಂಡಿದ್ದೆ. ಅವರಿಗೂ ನೆನಪಿತ್ತೋ ಏನೋ, ತಾಳ್ಮೆಯಿಂದ ಮತ್ತೊಮ್ಮೆ ಹೇಳಿದರು. ಇಷ್ಟು ದಿನ ನಿಮ್ಮ ರಾತ್ರಿ ಊಟ ತಡ ಮಾಡಿಸಿದೆ, ಕ್ಷಮಿಸಿ ಎಂದರು. ಕ್ಷಮೆ ಅವರು ಕೇಳಿದ್ದು.

ಪಿಜಿಗೆ ಹೋಗುವ ದಾರಿಯಲ್ಲಿ ಅಮ್ಮನ ಫೋನು.

"ಆಫೀಸು ದೊಡ್ಡದಾಯ್ತಂತೆ? ನಿನ್ನ ಕೆಲಸಕ್ಕೆ ಇನ್ನು ಭಯ ಇಲ್ಲ ಬಿಡು."

"ಹ್ಞೂಂ" ಅಂದೆ.

ತಿಂಗಳ ಕೊನೆಯ ರಾತ್ರಿ, ಒಂದೂವರೆಗೆ, ಆ ಎರರ್ ಬಂತು. ಚಾಟಿನಲ್ಲಿ ಅವರ ಹೆಸರು ಹುಡುಕಿದೆ, ಖಾತೆ ತೆಗೆದಾಗಿತ್ತು. ಏನೂ ಮುಟ್ಟಲಿಲ್ಲ. ಕೆಳಗೆ ಹೋಗಿ ಮೆಷಿನ್ ಕಾಫಿ ಕುಡಿದು, ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದು ಮತ್ತೆ ಓಡಿಸಿದೆ. ಓಡಿತು.